ಪೆಟ್ಟು ತಿಂದ ಕಾರು

ಮಾತಿನ ಮೊದಲಿಗೇ ಒಂದು ಶಬ್ದದ ಚಮತ್ಕಾರ ನೋಡಿ. ನಮ್ಮಲ್ಲಿ ಡಿಕ್ಕಿ ಎಂದರೆ ವಾಹನಗಳು ಒಂದಕ್ಕೊಂದು ಹಾಯುವುದು. ಕಾರಿನ ಹಿಂಬದಿಯಲ್ಲಿ ಪೆಟ್ಟಿಗೆ, ಹಾಸಿಗೆ ಇಡುವ ಗೂಡಿಗೂ ನಾವು ಡಿಕ್ಕಿ ಎಂದೇ ಹೇಳುತ್ತೇವೆ. ಗೂಡಿನ ಡಿಕ್ಕಿಯಲ್ಲಿ ಏನಿದೆ ಎಂಬುದು ಮುಚ್ಚಳ ಎತ್ತಿದರೆ ತಿಳಿಯುತ್ತದೆ. ಅಪಘಾತದ ಡಿಕ್ಕಿ ಕಾರಿನೊಳಗೆ ಏನೇನನ್ನು ಇಟ್ಟುಹೋಗಿದೆ ಎಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಅದನ್ನು ಹುಡುಕುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ, ಊತ ಇಳಿದ ಮಾತ್ರಕ್ಕೆ ಮೂಳೆ ಸರಿಯಾಗಿದೆ ಎಂದು ನಾವು ಸುಮ್ಮನಿರುವುದಿಲ್ಲ. ನಡೆಸಿ ನೋಡುತ್ತೇವೆ, ಕುಂಟುತ್ತಾರೆಯೇ ಎಂದು ಗಮನಿಸುತ್ತೇವೆ, ಬೇಕಾದರೆ ಎಕ್ಸ್-ರೇ ತೆಗೆಸುತ್ತೇವೆ. ಕಾರಿನ ವಿಷಯದಲ್ಲಿ ಮಾತ್ರ ನಮ್ಮ ಬುದ್ಧಿ ಬೇರೆ. ಬಂಪರು ಹೊಸದಾಯಿತು, ಟಿಂಕರಿಂಗ್ ಆಯಿತು, ಬಣ್ಣ ಕನ್ನಡಿಯಂತೆ ಹೊಳೆಯಿತು ಎಂದರೆ ಕಾರು ಗುಣವಾಯಿತು ಎಂದುಕೊಳ್ಳುತ್ತೇವೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಆಗ ನೆನಪಿಗೆ ಬರುವುದಿಲ್ಲ.

ನಾನು ಇದನ್ನು ಕಲಿತದ್ದು ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ ಊರಿನ ಹೊರಗಿನ ರಸ್ತೆಯಲ್ಲಿ ಮನೆಗೆ ಬರುತ್ತಿದ್ದೆ. ರಸ್ತೆಯ ನಡುವಣ ಕಲ್ಲಿನ ಕಟ್ಟೆ, ದೀಪವಿಲ್ಲದೆ, ಬಿಳಿಯ ಪಟ್ಟಿಯೂ ಇಲ್ಲದೆ, ಒಮ್ಮೆಲೇ ಆರಂಭವಾಗುವ ಜಾಗಗಳನ್ನು ನೀವೂ ಕಂಡಿರಬಹುದು. ಅಂಥ ಒಂದು ಕಟ್ಟೆಯ ಮೇಲೆ ನನ್ನ ಕಾರಿನ ಬಲಗಡೆಯ ಮುಂಚಕ್ರ ಧಡ್ಡನೆ ಹತ್ತಿ ಇಳಿಯಿತು. ಟಯರು ಒಡೆಯಿತು, ರಿಮ್ಮು ಬಾಗಿತು, ಬಂಪರು ಸೀಳಿತು. ದೇವರ ದಯೆ, ಯಾರಿಗೂ ಗಾಯವಾಗಲಿಲ್ಲ. ಗ್ಯಾರೇಜಿನವರು ಟಯರು, ರಿಮ್ಮು, ಬಂಪರು ಬದಲಾಯಿಸಿ, ಬಣ್ಣ ಹೊಡೆದು, ಕಂಪ್ಯೂಟರಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿ, ಅಚ್ಚಾದ ಒಂದು ಕಾಗದವನ್ನೂ ಕೈಗಿತ್ತರು. ನಾನು ಅದನ್ನು ಮಡಿಸಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಾಕಿದೆ. ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಕೇಳಿದ್ದಕ್ಕೆ, ‘ರಸ್ತೆಯ ವಾಟ ಎಡಕ್ಕಿರುತ್ತದೆ ಸಾರ್, ಎಲ್ಲ ಕಾರೂ ಹಾಗೇ’ ಎಂದರು. ಮಾತು ಸುಳ್ಳೂ ಅಲ್ಲ. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ನಾನು ನಂಬಿದೆ.

ಅದೇ ಮಳೆಗಾಲದ ಕೊನೆಯಲ್ಲಿ ಮನೆಯವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿಯುತ್ತಿದ್ದೆ. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಸ್ಟಿಯರಿಂಗು ತಿರುಗಿತು, ಕಾರು ತಿರುಗಲಿಲ್ಲ. ಮೂತಿ ನೇರವಾಗಿ ಬಲಕ್ಕೆ, ಎದುರಿನಿಂದ ಏರಿ ಬರುತ್ತಿದ್ದ ಬಸ್ಸಿನ ದಾರಿಗೆ ಜಾರಿತು. ಬಸ್ಸಿನ ಚಾಲಕರು ಅನುಭವಸ್ಥರು. ಬ್ರೇಕು ಹಾಕಿ ಬಂಡೆಯ ಕಡೆಗೆ ಒತ್ತರಿಸಿಕೊಂಡರು. ಒಂದು ಗೇಣಿನ ಅಂತರದಲ್ಲಿ ಉಳಿದೆವು. ಹಿಂದಿನ ಸೀಟಿನಲ್ಲಿ ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ.

ಘಟ್ಟದ ಕೆಳಗೆ, ಉಜಿರೆಯ ಹತ್ತಿರ ಒಂದು ಸಣ್ಣ ಗ್ಯಾರೇಜಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಬಲ ಮುಂಚಕ್ರದ ಹಿಂದೆ ಕೈ ಹಾಕಿ ಸವರಿದರು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಟಯರಿನ ಒಳಅಂಚು ನುಣ್ಣಗೆ ಬೋಳಾಗಿತ್ತು. ‘ಅಲೈನ್‌ಮೆಂಟಿನ ಕಾಗದ ಉಂಟಾ?’ ಎಂದು ಕೇಳಿದರು. ಗೂಡಿನಿಂದ ತೆಗೆದುಕೊಟ್ಟೆ. ಕನ್ನಡಕ ಏರಿಸಿ ನೋಡಿ, ‘ಇದರಲ್ಲಿ ಬರೆದೇ ಉಂಟಲ್ಲ, ಯಾರೂ ಓದಲಿಲ್ಲವಾ?’ ಎಂದರು. ಎಡ ಚಕ್ರದ ವಾಲು ಸೊನ್ನೆಯ ಹತ್ತಿರವಿತ್ತು. ಬಲ ಚಕ್ರದ ತಲೆ ಎರಡು ಡಿಗ್ರಿ ಒಳಕ್ಕೆ ವಾಲಿತ್ತು. ಆ ಅಂಕಿ ಕೆಂಪು ಬಣ್ಣದಲ್ಲೇ ಅಚ್ಚಾಗಿತ್ತು. ಗ್ಯಾರೇಜಿನವರು ಓದಿರಲಿಲ್ಲ, ಅಥವಾ ಓದಿಯೂ ಸುಮ್ಮನಿದ್ದರು. ನಾನೂ ಓದಿರಲಿಲ್ಲ. ಚಕ್ರವನ್ನು ಹಿಡಿದುಕೊಂಡಿರುವ ಸ್ಟ್ರಟ್ಟಿನ ಒಳಗಿನ ಉಕ್ಕಿನ ಕಡ್ಡಿ ಬಾಗಿತ್ತು.

ಈ ಒಂದು ಪ್ರಸಂಗದಲ್ಲಿ ನಾನು ಹೇಳಬೇಕಾದುದೆಲ್ಲ ಅಡಗಿದೆ. ಅಲೈನ್‌ಮೆಂಟ್ ಯಂತ್ರ ಅಳೆಯುತ್ತದೆ, ಗುಣಪಡಿಸುವುದಿಲ್ಲ. ಅದು ಜ್ವರಮಾಪಕದಂತೆ. ಅದರ ಮಾತನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಮನುಷ್ಯನದು.

ಹಾಗಾದರೆ ಅದು ಏನನ್ನು ಅಳೆಯುತ್ತದೆ? ಮುಖ್ಯವಾಗಿ ಮೂರು ಕೋನಗಳನ್ನು. ಮೊದಲನೆಯದು ಟೋ. ನೀವು ನಿಂತಾಗ ಎರಡು ಪಾದಗಳ ಹೆಬ್ಬೆರಳುಗಳು ಒಂದರತ್ತ ಒಂದು ತಿರುಗಿವೆಯೇ, ಆಚೆಗೆ ತಿರುಗಿವೆಯೇ, ನೇರವಾಗಿವೆಯೇ? ಚಕ್ರಗಳ ವಿಷಯದಲ್ಲಿ ಇದೇ ಟೋ. ಎರಡನೆಯದು ಕ್ಯಾಂಬರ್. ಬಾಗಿಲಿನ ಚೌಕಟ್ಟು ತೂಗುಗುಂಡಿಗೆ ನೇರವಾಗಿದೆಯೇ, ವಾಲಿದೆಯೇ ಎಂದು ಬಡಗಿ ನೋಡುವುದಿಲ್ಲವೇ, ಚಕ್ರದ ಅಂಥ ವಾಲೇ ಕ್ಯಾಂಬರ್. ಮೂರನೆಯದು ಕ್ಯಾಸ್ಟರ್. ಸೈಕಲ್ಲನ್ನು ಪಕ್ಕದಿಂದ ನೋಡಿ; ಮುಂಚಕ್ರವನ್ನು ಹಿಡಿದ ಕವಲು ನೆಟ್ಟಗಿಲ್ಲ, ಇಳಿಜಾರಾಗಿದೆ. ಕಾರಿನ ಮುಂಚಕ್ರ ತಿರುಗುವ ಅಕ್ಷಕ್ಕೂ ಅಂಥ ಓರೆ ಉಂಟು. ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಇದರಿಂದ.

ಇವು ಕೂದಲೆಳೆಯ ಲೆಕ್ಕವೆಂದು ಉದಾಸೀನ ಮಾಡಬೇಡಿ. ಸುಮಾರು 600 ಮಿಲಿಮೀಟರ್ ವ್ಯಾಸದ ಒಂದು ಚಕ್ರ, ತನ್ನ ಮುಂದಿನ ಅಂಚಿನಲ್ಲಿ ಹಿಂದಿನ ಅಂಚಿಗಿಂತ 3 ಮಿಲಿಮೀಟರ್ ಓರೆಯಾಗಿದೆ ಎನ್ನೋಣ. ಅದು ಉರುಳುವ ದಾರಿಯೂ ಕಾರು ಸಾಗುವ ದಾರಿಯೂ ಬೇರೆಯಾದವು. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಆ ಟಯರು ಸುಮಾರು 5 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಹೋಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರು. ಒಂದು ಸಲ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಕಿಲೋಮೀಟರು ಟಯರನ್ನು ಅರದಿಂದ ತಿಕ್ಕಿದ ಹಾಗಾಯಿತು. ಹೊಸ ಟಯರು ಕೆಲವೇ ತಿಂಗಳಿಗೆ ಏಕೆ ಬೋಳಾಗುತ್ತದೆ ಎಂಬುದಕ್ಕೆ ಇಷ್ಟೇ ಉತ್ತರ.

ಈಗ ಗಮನಿಸಬೇಕಾದ ಮಾತು. ನಮ್ಮ ಪಟ್ಟಣಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲಿನ ಮುಂಭಾಗಕ್ಕೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರು ರೂಪಿಸಿದ ಈ ಏರ್ಪಾಡನ್ನು 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಸಂಸ್ಥೆ ತನ್ನ ಕಾನ್ಸಲ್, ಝೆಫಿರ್ ಕಾರುಗಳಲ್ಲಿ ಜಗತ್ತಿಗೆ ತೋರಿಸಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲೂ ಅದೇ ಇತ್ತು. ಇದರ ಗುಣ ಸರಳತೆ: ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರೇ ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬವೂ ಹೌದು. ಅದರ ದೋಷವೂ ಅದೇ. ಕಂಬ ಬಾಗಿದರೆ ಚಕ್ರ ವಾಲುತ್ತದೆ.

ಇಂಥ ಸಣ್ಣ ಕಾರುಗಳಲ್ಲಿ ಅನೇಕದರಲ್ಲಿ ತಿರುಪು ಸಡಿಲಿಸಿ ಸರಿಪಡಿಸಲು ಬರುವುದು ಮುಂಚಕ್ರಗಳ ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತವೆ. ಹಿಂಚಕ್ರಗಳೆರಡನ್ನೂ ಒಂದೇ ತೊಲೆ ಹಿಡಿದಿರುವ ಕಾರಿನಲ್ಲಿ ಹಿಂದಿನ ಕೋನಗಳೂ ಹಾಗೆಯೇ. ಆದ್ದರಿಂದ ತಿದ್ದಲು ಬಾರದ ಕೋನವೊಂದು ಮೇರೆ ಮೀರಿದ್ದರೆ ಅದಕ್ಕೆ ಅರ್ಥ ಒಂದೇ: ಯಾವುದೋ ಭಾಗ ಬಾಗಿದೆ, ಸವೆದಿದೆ ಅಥವಾ ಜಾಗ ಬಿಟ್ಟು ಸರಿದಿದೆ. ಟೋ ಒಂದನ್ನು ತಿರುಗಿಸಿ ಸ್ಟಿಯರಿಂಗನ್ನು ನೇರ ಮಾಡಿಕೊಟ್ಟರೆ ರೋಗ ಹೋಗುವುದಿಲ್ಲ, ಮುಚ್ಚಿಹೋಗುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಮನೆಯ ಅಂಗಳದಲ್ಲೇ ನೋಡಬಹುದಾದುದು ಬಹಳಷ್ಟಿದೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಟಯರುಗಳಿಗೂ ಸರಿಯಾದ ಗಾಳಿ ತುಂಬಿಸಿ, ಸ್ಟಿಯರಿಂಗನ್ನು ನೇರವಾಗಿಡಿ. ಹತ್ತು ಹೆಜ್ಜೆ ಹಿಂದೆ ಸರಿದು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ನೋಡಿ. ಒಂದು ಕಡೆ ಕುಗ್ಗಿದೆಯೇ? ಚಕ್ರಕ್ಕೂ ಅದರ ಮೇಲಣ ಮಡ್‌ಗಾರ್ಡಿನ ಕಮಾನಿಗೂ ಇರುವ ಅಂತರ ಎಡಕ್ಕೂ ಬಲಕ್ಕೂ ಒಂದೇ ಆಗಿದೆಯೇ? ಬಾನೆಟ್ಟಿನ ಎರಡು ಬದಿಯ ಸಂದುಗಳು ಸಮವಾಗಿವೆಯೇ? ಬಾನೆಟ್ಟು ಎತ್ತಿ, ಸ್ಟ್ರಟ್ಟಿನ ತಲೆ ಕೂತಿರುವ ಗುಂಡನೆಯ ಪೀಠದ ಸುತ್ತ ತಗಡಿನಲ್ಲಿ ಸುಕ್ಕು, ಬಣ್ಣದಲ್ಲಿ ಬಿರುಕು, ಬೆಸುಗೆಯ ಸಂದಿಗೆ ಮೆತ್ತಿದ ಮೇಣದಲ್ಲಿ ಸೀಳು ಇವೆಯೇ ನೋಡಿ. ಹಳೆಯ ಕಾರಿನಲ್ಲಿ ಆ ಒಂದು ಜಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಏಕೆ ಎಂದು ಕೇಳಿ.

ಮುಂದಿನ ಪರೀಕ್ಷೆಗೆ ಅಳತೆಯ ಪಟ್ಟಿ ಸಾಕು. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡು ಪಕ್ಕದಲ್ಲೂ ಅಳೆಯಿರಿ. ಸಾಮಾನ್ಯ ಕಾರುಗಳಲ್ಲಿ ಎರಡೂ ಒಂದೇ ಇರಬೇಕು. ಕೆಲವು ಮಿಲಿಮೀಟರಿನ ಅಂತರ ನಿಮ್ಮ ಕೈಯ ತಪ್ಪೂ ಆಗಬಹುದು. ಒಂದು ಪಕ್ಕದ ಅಳತೆ ಒಂದು ಸೆಂಟಿಮೀಟರಿಗಿಂತಲೂ ಹೆಚ್ಚಾಗಿ ಕುಗ್ಗಿದ್ದರೆ ಪೆಟ್ಟು ಚಕ್ರವನ್ನು ಹಿಂದಕ್ಕೆ ತಳ್ಳಿದೆ ಎಂದು ಶಂಕಿಸಬೇಕು. ನಿಮ್ಮ ಕಾರಿನಲ್ಲಿ ಎರಡು ಪಕ್ಕದ ಅಳತೆ ಹುಟ್ಟಿನಿಂದಲೇ ಬೇರೆಯಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಫ್ರಾನ್ಸಿನ ರೆನೋ 4 ಎಂಬ ಕಾರಿನ ಎರಡು ಪಕ್ಕಗಳನ್ನು ಬೇರೆ ಬೇರೆ ಅಳತೆಯಲ್ಲಿ ಕಟ್ಟುತ್ತಿದ್ದರು!

ಚಕ್ರದ ವಾಲಿಗೆ ತೂಗುಗುಂಡೇ ಪರೀಕ್ಷೆ. ಒಂದು ದಾರಕ್ಕೆ ಭಾರ ಕಟ್ಟಿ, ಮಡ್‌ಗಾರ್ಡಿನಿಂದ ಚಕ್ರದ ನಡುವಿಗೆ ಎದುರಾಗಿ ಇಳಿಬಿಡಿ. ದಾರ ಟಯರಿಗೆ ತಾಗದಂತಿರಲಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಅಳೆಯಿರಿ. ಹದಿನಾಲ್ಕು ಅಂಗುಲದ ರಿಮ್ಮಿನಲ್ಲಿ ಒಂದು ಡಿಗ್ರಿ ವಾಲಿಗೆ ಸುಮಾರು 6ರಿಂದ 7 ಮಿಲಿಮೀಟರಿನ ವ್ಯತ್ಯಾಸ ಬರುತ್ತದೆ. ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿ. ನನ್ನ ಕಾರಿನ ಎರಡು ಡಿಗ್ರಿ ಎಂದರೆ ಹದಿಮೂರು ಮಿಲಿಮೀಟರು, ಹೆಚ್ಚುಕಡಿಮೆ ಒಂದು ಬೆರಳಿನ ಅಗಲ. ಒಂದು ಮೊಳ ದಾರ, ಒಂದು ಬೀಗದ ಕೈ ಇಷ್ಟರಿಂದ ಅದು ಮನೆಯ ಬಾಗಿಲಲ್ಲೇ ಪತ್ತೆಯಾಗುತ್ತಿತ್ತು!

ಆಮೇಲೆ ಟಯರು. ಅಂಗೈಯನ್ನು ಟಯರಿನ ಮೇಲೆ ಅಡ್ಡಲಾಗಿ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಸವರಿ. ತಂತಿಯ ಎಳೆಗಳು ಕಿತ್ತು ಬಂದಿದ್ದರೆ ಕೈ ಕೊಯ್ದೀತು, ಮೆಲ್ಲಗೆ ಸವರಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದ ಹಲ್ಲಿನಂತೆ ಚೂಪು ಎನಿಸಿದರೆ ಟೋ ತಪ್ಪಿದೆ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರನ್ನೂ ಟೋವನ್ನೂ ಎರಡನ್ನೂ ಶಂಕಿಸಬೇಕು. ಒಳಅಂಚನ್ನು ನೋಡಲು ಮರೆಯಬೇಡಿ. ನಾನು ಮೋಸಹೋದದ್ದು ಅಲ್ಲೇ.

ಇನ್ನು ಓಡಿಸಿ ನೋಡುವುದು. ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ನೇರ ಹೋಗಿ. ಕಾರು ನೇರ ಹೋಗುವಾಗ ಸ್ಟಿಯರಿಂಗಿನ ಅಡ್ಡಪಟ್ಟಿಯೂ ನೇರವಿದೆಯೇ? ತಿರುವಿನಿಂದ ಹೊರಬಂದಾಗ ಎರಡೂ ಕಡೆಯಿಂದ ಒಂದೇ ರೀತಿ ಮರಳುತ್ತದೆಯೇ? ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಅದಕ್ಕೆ ಕಾರಣಗಳು ನಾಲ್ಕಾರು. ರಸ್ತೆಯ ವಾಟವೋ ಎಂದು ತಿಳಿಯಲು ಎದುರು ಬದಿಗೆ ವಾಟವಿರುವ ಖಾಲಿ ಮೈದಾನದಲ್ಲಿ ಓಡಿಸಿ ನೋಡಿ. ಎಳೆತ ದಿಕ್ಕು ಬದಲಿಸದಿದ್ದರೆ ರಸ್ತೆಯನ್ನು ದೂರಬೇಡಿ. ಟಯರಿನದೋ ಎಂದು ತಿಳಿಯಲು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ. ಎಳೆತವೂ ಪಕ್ಕ ಬದಲಾಯಿಸಿದರೆ ತಪ್ಪು ಟಯರಿನದು. ಉರುಳುವ ದಿಕ್ಕಿನ ಬಾಣ ಗುರುತಿರುವ ಟಯರುಗಳಿಗೆ ಮಾತ್ರ ಈ ಉಪಾಯ ಸಲ್ಲದು. ಬ್ರೇಕಿನದೋ ಎಂದರೆ, ಸ್ವಲ್ಪ ದೂರ ಹೋಗಿ ಬಂದು ಚಕ್ರಗಳ ಹತ್ತಿರ ಕೈ ಹಿಡಿಯಿರಿ; ಒಂದು ಮಾತ್ರ ಕಾದಿದ್ದರೆ ಬ್ರೇಕು ಹಿಡಿದುಕೊಂಡಿದೆ. ಇವೆಲ್ಲ ಅಲ್ಲವೆಂದಾದರೆ ಉಳಿದದ್ದು ಕೋನ. ವೇಗ ಹೆಚ್ಚಿದಂತೆ ಸ್ಟಿಯರಿಂಗು ನಡುಗಿದರೆ ರಿಮ್ಮು ಬಾಗಿರಬಹುದು. ತಿರುವಿನಲ್ಲಿ ದುಂಬಿಯಂತೆ ಗುಂಯ್ಗುಟ್ಟುವ ಸದ್ದು ಏರಿಳಿದರೆ ಬೇರಿಂಗಿಗೆ ಪೆಟ್ಟಾಗಿದೆ.

ಕೊನೆಯದು ಎಲ್ಲಕ್ಕಿಂತ ಸೊಗಸಾದ ಪರೀಕ್ಷೆ, ಕಾಸಿನ ಖರ್ಚಿಲ್ಲದ್ದು. ನೆಲದ ಮೇಲೆ ಒಂದು ಕೊಡ ನೀರು ಚೆಲ್ಲಿ, ಕಾರನ್ನು ಅದರ ಮೇಲೆ ಹಾಯಿಸಿ ಒಣನೆಲದಲ್ಲಿ ನೇರವಾಗಿ ಓಡಿಸಿ, ಇಳಿದು ಬಂದು ಹೆಜ್ಜೆಗುರುತು ನೋಡಿ. ಮುಂಚಕ್ರದ ಗುರುತಿನ ಮೇಲೆ ಹಿಂಚಕ್ರದ್ದು ಬೀಳಬೇಕು. ತುಸು ಒಳಗೋ ಹೊರಗೋ ಬಿದ್ದರೂ ಎರಡು ಪಕ್ಕದಲ್ಲೂ ಸಮನಾಗಿರಬೇಕು. ಎರಡೂ ಹಿಂಚಕ್ರಗಳ ಗುರುತು ಒಂದೇ ಪಕ್ಕಕ್ಕೆ ಸರಿದಿದ್ದರೆ ಕಾರು ಏಡಿಯ ಹಾಗೆ ಓರೆಯಾಗಿ ನಡೆಯುತ್ತಿದೆ. ಹಿಂದಿನ ತೊಲೆಯೋ ಒಡಲೋ ಸೊಟ್ಟಗಾಗಿದೆ. ಮುಂದಿನ ಎರಡು ಚಕ್ರಗಳನ್ನು ಮಾತ್ರ ಅಳೆದುಕೊಡುವವರಿಂದ ಇದು ಸರಿಹೋಗುವುದಿಲ್ಲ. ನಾಲ್ಕೂ ಚಕ್ರಗಳನ್ನು ಅಳೆಯಬೇಕು.

ಎರಡು ಎಚ್ಚರಿಕೆಗಳು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಮಲಗಬಾರದು. ಸ್ಟ್ರಟ್ಟಿನ ತಲೆಯ ನಡುವಣ ನಟ್ಟನ್ನು ಮನೆಯಲ್ಲಿ ಸಡಿಲಿಸಬಾರದು. ಅದರ ಕೆಳಗೆ ಅದುಮಿಟ್ಟ ದಪ್ಪ ಸ್ಪ್ರಿಂಗಿದೆ, ಅದು ಚಿಮ್ಮಿದರೆ ಪ್ರಾಣಕ್ಕೇ ಅಪಾಯ. ಇವು ಗ್ಯಾರೇಜಿನ ಕೆಲಸಗಳು.

ಗ್ಯಾರೇಜಿನಲ್ಲಿ ನೀವು ಕೇಳಬೇಕಾದುದನ್ನೂ ಹೇಳಿಬಿಡುತ್ತೇನೆ. ಕಾರನ್ನು ಮೇಲೆತ್ತಿದಾಗ ಲೋಯರ್ ಆರ್ಮ್, ಟೈ ರಾಡ್, ಬಾಲ್ ಜಾಯಿಂಟ್, ಬುಷ್ ಇವುಗಳನ್ನು ಎಡ ಬಲ ಹೋಲಿಸಿ ತೋರಿಸಲು ಹೇಳಿ. ಇಂಜಿನ್ನಿನ ಕೆಳಗಿನ ಚೌಕಟ್ಟಿನ ಬೋಲ್ಟುಗಳನ್ನು ನೋಡಿ. ವಾಷರಿನ ಪಕ್ಕದಲ್ಲಿ ಅರ್ಧಚಂದ್ರಾಕಾರವಾಗಿ ಹೊಳೆಯುವ ಲೋಹ ಕಂಡರೆ ಚೌಕಟ್ಟು ಜಾಗ ಬಿಟ್ಟು ಸರಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಬಾಗಿದ ಭಾಗವನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಬೆಂಕಿಯಲ್ಲಿ ಉಕ್ಕಿನ ಹದ ಕೆಡುತ್ತದೆ; ಹಾಗೆ ನೆಟ್ಟಗಾದದ್ದು ಇನ್ನೊಂದು ಗುಂಡಿಯಲ್ಲಿ ಮುರಿಯಬಹುದು. ಸ್ಟಿಯರಿಂಗು, ಸಸ್ಪೆನ್ಶನ್ನಿನ ಭಾಗಗಳನ್ನು ಬದಲಾಯಿಸಬೇಕು, ತಿದ್ದಬಾರದು. ಜಾರದಂತೆ ಕಾಪಾಡುವ ಎಲೆಕ್ಟ್ರಾನಿಕ್ ಏರ್ಪಾಡು, ಮುಂಗಾಜಿನ ಹಿಂದೆ ಕ್ಯಾಮೆರಾ ಇರುವ ಈಚಿನ ಕಾರುಗಳಲ್ಲಿ ಅಲೈನ್‌ಮೆಂಟಿನ ತರುವಾಯ ಅವುಗಳ ಸೆನ್ಸರುಗಳನ್ನೂ ಹೊಂದಿಸಬೇಕಾಗಬಹುದು. ಅದನ್ನು ಮಾಡಿದರೇ ಎಂದು ಕೇಳಿ.

ಕೊನೆಗೆ ಆ ಅಚ್ಚಿನ ಕಾಗದ. ರಿಪೇರಿಗೆ ಮೊದಲಿನ ಅಳತೆ, ಆಮೇಲಿನ ಅಳತೆ, ಕಾರ್ಖಾನೆ ಗೊತ್ತುಮಾಡಿದ ಮೇರೆ ಮೂರೂ ಅದರಲ್ಲಿರಬೇಕು. ಪ್ರತಿಯೊಂದು ಅಂಕಿಯನ್ನೂ ಮೇರೆಯೊಡನೆ ಹೋಲಿಸಿ ಓದಿ. ಎಡಕ್ಕೂ ಬಲಕ್ಕೂ ಹೋಲಿಸಿ ಓದಿ. ಎರಡೂ ಮೇರೆಯೊಳಗಿದ್ದು ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ ಇದ್ದರೂ ಕಾರಣ ಕೇಳಿ. ವಿಮೆಯ ಹಣದಿಂದ ರಿಪೇರಿಯಾಗುತ್ತಿದ್ದರೆ, ಭಾಗಗಳನ್ನು ಬಿಚ್ಚಿದ ಮೇಲೆ ಕಂಡ ಒಳಪೆಟ್ಟನ್ನು ಬದಲಾಯಿಸುವ ಮೊದಲೇ ಸರ್ವೇಯರಿಗೆ ತಿಳಿಸಿ ಅಂದಾಜಿಗೆ ಸೇರಿಸಿಕೊಳ್ಳಬೇಕು. ಕೆಲಸ ತೃಪ್ತಿಕರವಾಗಿದೆ ಎಂಬ ಕಾಗದಕ್ಕೆ ಓಡಿಸಿ ನೋಡದೆ ಸಹಿ ಹಾಕಬೇಡಿ. ಹಳೆಯ ಕಾರು ಕೊಳ್ಳುವವರಿಗೂ ಇದೇ ಮಾತು. ಬಣ್ಣಕ್ಕೆ ಮರುಳಾಗುವ ಮೊದಲು ಒಂದು ದಾರ, ಒಂದು ಕೊಡ ನೀರು.

ಸ್ಟ್ರಟ್ಟು ಬದಲಾದ ಮೇಲೆ ನನ್ನ ಕಾರು ಎಡಕ್ಕೆ ಎಳೆಯುವುದನ್ನು ಬಿಟ್ಟಿತು. ರಸ್ತೆಗಳ ವಾಟ ಮಾತ್ರ ಇದ್ದಂತೆಯೇ ಇದೆ. ಇಂದಿಗೂ ಆ ಹಳೆಯ ಕಾಗದವನ್ನು ಗೂಡಿನಲ್ಲೇ ಇಟ್ಟುಕೊಂಡಿದ್ದೇನೆ, ಕೆಂಪು ಅಂಕಿ ಮೇಲೆ ಕಾಣುವಂತೆ ಮಡಿಸಿ. ನಿಮ್ಮ ಕಾರಿನ ಗೂಡಿನಲ್ಲಿಯೂ ಅಂಥದೊಂದು ಕಾಗದವಿದ್ದರೆ, ಈ ಸಂಜೆ ಬಿಡುವಾದಾಗ ಅದನ್ನು ತೆಗೆದು ಒಮ್ಮೆ ಓದಿ.